ಅಡ್ಮಿಟ್ ಆದರೆ ಮಾತ್ರ ಕಾರ್ಡು, ಮಾತ್ರೆಗೆ ಇಲ್ಲವೇ?

ಸಂಪಾದಕರಿಗೆ ನಮಸ್ಕಾರ.

ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಕಾರ್ಡಿನಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ ಅಂತ ಎಲ್ಲರಿಗೂ ಗೊತ್ತು. ಹಾರ್ಟ್ ಆಪರೇಷನ್ ಆದ ಎಷ್ಟೋ ಮನೆಗಳು ಇದರಿಂದ ಸಾಲಕ್ಕೆ ಬೀಳದೆ ಉಳಿದಿವೆ. ಆದರೆ ಮಾನಸಿಕ ಕಾಯಿಲೆ ಇರುವವರು ಓಪಿಡಿಯಲ್ಲಿ, ಅಂದರೆ ಹೊರರೋಗಿ ವಿಭಾಗದಲ್ಲಿ, ಡಾಕ್ಟರನ್ನು ಕಂಡು, ಚೀಟಿ ಬರೆಸಿಕೊಂಡು, ಮಾತ್ರೆ ತಗೊಂಡು ಮನೆಗೆ ಬಂದರೆ ಆ ಖರ್ಚಿಗೆ ಕಾರ್ಡು ನಡೆಯುವುದಿಲ್ಲ. ವಾರ್ಡಿಗೆ ಸೇರಿದರೆ ಮಾತ್ರ ನಡೆಯುತ್ತದೆ.

ನನ್ನ ತಮ್ಮನಿಗೆ ಬೈಪೋಲಾರ್ ಕಾಯಿಲೆ, ಅಂದರೆ ಮನಸ್ಸು ಕೆಲವು ಕಾಲ ವಿಪರೀತ ಉಬ್ಬುವುದು, ಕೆಲವು ಕಾಲ ಪೂರ್ತಿ ಕುಗ್ಗುವುದು. ಲಿಥಿಯಂ ಮಾತ್ರೆ ಕೊಟ್ಟಿದ್ದಾರೆ. ಸುಮ್ನೆ ಮಾತ್ರೆ ನುಂಗಿದರೆ ಆಗಲ್ಲ, ರಕ್ತದಲ್ಲಿ ಲಿಥಿಯಂ ಎಷ್ಟಿದೆ ಅಂತ ಆಗಾಗ ನೋಡಿಸುತ್ತಿರಬೇಕು. ಜಾಸ್ತಿಯಾದರೆ ಮೈಗೆ ವಿಷ, ಕಮ್ಮಿಯಾದರೆ ಕಾಯಿಲೆ ಹಿಡಿತಕ್ಕೆ ಬರಲ್ಲ. ಜೊತೆಗೆ ಥೈರಾಯ್ಡ್, ಕಿಡ್ನಿ ಟೆಸ್ಟು ಬೇರೆ. ಪಾವಗಡದ ಕಡೆಯಿಂದ ತುಮಕೂರಿಗೆ ಹೋಗಿ ಬರುವಷ್ಟರಲ್ಲಿ ಅವನ ಕೂಲಿಯೂ ಹೋಯಿತು, ಜೊತೆಗೆ ಹೋದವರದೂ ಹೋಯಿತು. ಸರ್ಕಾರಿ ಆಸ್ಪತ್ರೆಯಲ್ಲಿ ಮಾತ್ರೆ ಸಿಕ್ಕಿದ ತಿಂಗಳು ಸರಿ, ಸ್ಟಾಕ್ ಇಲ್ಲ ಅಂದ ತಿಂಗಳು ಹೊರಗಿನ ಮೆಡಿಕಲ್ ಶಾಪೇ ಗತಿ. ಕೈಯಲ್ಲಿ ದುಡ್ಡಿಲ್ಲದ ಮನೆಯವರು ಏನು ಮಾಡುತ್ತಾರೆ? ಮಾತ್ರೆ ನಿಲ್ಲಿಸುತ್ತಾರೆ. ನಿದ್ದೆ ಕೆಡುತ್ತದೆ, ಕಾಯಿಲೆ ಮತ್ತೆ ಏರುತ್ತದೆ, ಕೊನೆಗೆ ಅಡ್ಮಿಟ್ ಮಾಡಬೇಕಾಗುತ್ತದೆ. ಆಗ ಸರ್ಕಾರವೇ ದುಡ್ಡು ಕೊಡುತ್ತದೆ, ಅದೂ ಮಾತ್ರೆಗೆ ಆಗುತ್ತಿದ್ದುದಕ್ಕಿಂತ ಎಷ್ಟೋ ಜಾಸ್ತಿ. ಈ ಲೆಕ್ಕ ನನಗಂತೂ ಅರ್ಥವಾಗುವುದಿಲ್ಲ.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ, ದೇಹದ ಕಾಯಿಲೆಗೆ ಹೇಗೋ ಹಾಗೆಯೇ ಮನಸ್ಸಿನ ಕಾಯಿಲೆಗೂ ವಿಮೆ ಕೊಡಬೇಕು. ಶುಗರ್, ಬಿಪಿಯ ಓಪಿಡಿ ಖರ್ಚನ್ನೂ ಈ ಕಾರ್ಡು ಕೊಡಲ್ಲ, ಹಾಗಾದರೆ ಸಮಾನವೇ ಆಯಿತಲ್ಲ ಅಂತ ಯಾರಾದರೂ ಹೇಳಬಹುದು. ಆದರೆ ಡಯಾಲಿಸಿಸ್ ನೋಡಿ. ಬೆಳಿಗ್ಗೆ ಹೋಗಿ ಮಾಡಿಸಿಕೊಂಡು ಸಂಜೆಯೊಳಗೆ ಮನೆಗೆ ಬರುತ್ತಾರೆ, ಅದಕ್ಕೆ ಕಾರ್ಡಿನಲ್ಲಿ ಪ್ಯಾಕೇಜ್, ಅಂದರೆ ಆ ಚಿಕಿತ್ಸೆಗೆ ಇಷ್ಟು ಅಂತ ಗೊತ್ತುಮಾಡಿದ ಮೊತ್ತ, ಇದೆ. ಕೀಮೋಥೆರಪಿಗೂ ಇದೆ. ರಾತ್ರಿ ಉಳಿಯದ ಚಿಕಿತ್ಸೆಗೆ ದುಡ್ಡು ಕೊಡಲು ಬರುವುದೇ ಇಲ್ಲ ಅಂತೇನೂ ಇಲ್ಲ, ಅಲ್ವಾ? ಮಾನಸಿಕ ಕಾಯಿಲೆಯಲ್ಲಿ ಬಹುತೇಕ ಎಲ್ಲ ಚಿಕಿತ್ಸೆ ನಡೆಯುವುದೇ ಓಪಿಡಿಯಲ್ಲಿ. ಅದನ್ನೇ ಹೊರಗಿಟ್ಟರೆ ಉಳಿದದ್ದೇನು?

ನಮ್ಮ ಜಿಲ್ಲೆಯಲ್ಲೇ ವಸಂತನರಸಾಪುರದ ಫ್ಯಾಕ್ಟರಿಯಲ್ಲಿ ಇಎಸ್‌ಐ (ನೌಕರರ ರಾಜ್ಯ ವಿಮೆ) ಇರುವ ಕೆಲಸಗಾರನಿಗೆ ಓಪಿಡಿ ಚಿಕಿತ್ಸೆಯೂ ವಿಮೆಯೊಳಗೇ ಬರುತ್ತದೆ. ಹೊಲದಲ್ಲಿ ಕಡಲೆಕಾಯಿ ಕೀಳುವವರಿಗೆ ಆ ಭಾಗ್ಯ ಇಲ್ಲ.

ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರು ಬರಲಿ ಅಂತ ಮನೋಚೈತನ್ಯ ಕಾರ್ಯಕ್ರಮ ಮಾಡಿದ್ದಾರೆ. 14416ಕ್ಕೆ ಫೋನ್ ಮಾಡಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್‌ನವರು ಕನ್ನಡದಲ್ಲೇ ಮಾತಾಡುತ್ತಾರೆ. ಎರಡೂ ಒಳ್ಳೆಯ ಕೆಲಸ, ಕಷ್ಟದಲ್ಲಿರುವವರು ದಯವಿಟ್ಟು ಬಳಸಿಕೊಳ್ಳಿ. ತುರುವೇಕೆರೆ ತಾಲ್ಲೂಕಿನಲ್ಲಿ ಬೆಂಗಳೂರಿನ ನಿಮ್ಹಾನ್ಸ್‌ನವರು ಸ್ಕಿಜೋಫ್ರೇನಿಯಾ ಎಂಬ ತೀವ್ರ ಮಾನಸಿಕ ಕಾಯಿಲೆ ಇರುವವರಿಗೆ ಊರ ಹತ್ತಿರವೇ ಚಿಕಿತ್ಸೆ ಕೊಡುವ ಕೆಲಸ ಮಾಡಿದ್ದಾರೆ. ಅಂದರೆ ವಾರ್ಡಿಗೆ ಸೇರಿಸದೆ ನೋಡಿಕೊಳ್ಳುವುದು ಹೇಗೆ ಅಂತ ನಮ್ಮ ಜಿಲ್ಲೆಗೆ ಹೊಸದಾಗಿ ಯಾರೂ ಕಲಿಸಬೇಕಿಲ್ಲ.

ನಾವು ಕೇಳುತ್ತಿರುವುದು ಇಷ್ಟೇ. ಡಯಾಲಿಸಿಸ್‌ಗೆ ಇರುವ ಹಾಗೆ ಮಾನಸಿಕ ಕಾಯಿಲೆಯ ಓಪಿಡಿಗೂ ಒಂದು ಪ್ಯಾಕೇಜ್ ಮಾಡಿ. ಡಾಕ್ಟರ ಫೀಸು, ಮಾತ್ರೆ, ರಕ್ತ ಪರೀಕ್ಷೆ, ಕೌನ್ಸೆಲಿಂಗ್ ಎಲ್ಲ ಅದರಲ್ಲಿ ಬರಲಿ. ಸರ್ಕಾರಿ ಆಸ್ಪತ್ರೆಯಲ್ಲಿ ಮಾತ್ರೆ ಇಲ್ಲದ ದಿನ ಹೊರಗೆ ಕೊಂಡ ಬಿಲ್ಲಿಗೂ ದುಡ್ಡು ಸಿಗಲಿ. ಅಗತ್ಯ ಔಷಧಿ ಪಟ್ಟಿಯ ಮಾತ್ರೆಗಳನ್ನು ಸರ್ಕಾರಿ ಆಸ್ಪತ್ರೆಗಳಲ್ಲಿ ಎಲ್ಲ ಕಾಲಕ್ಕೂ ಉಚಿತವಾಗಿ ಕೊಡಬೇಕು ಅಂತ 2017ರ ಅದೇ ಕಾಯ್ದೆಯಲ್ಲಿದೆ. ತುಮಕೂರು ಜಿಲ್ಲೆಯ ಶಾಸಕರು ಮುಂದಿನ ಅಧಿವೇಶನದಲ್ಲಿ ಇದನ್ನು ಆರೋಗ್ಯ ಸಚಿವರ ಮುಂದೆ ಕೇಳಬೇಕು.

ಒಬ್ಬ ಓದುಗ, ಪಾವಗಡ ತಾಲ್ಲೂಕು