ಬಿಲ್ಲಿನ ವೇಷ ಹಾಕಿ ಬಂದ ನೋಟಿಸ್: ಕೈಗಾರಿಕಾ ಕೇಂದ್ರಕ್ಕೊಂದು ಬಹಿರಂಗ ಪತ್ರ

ಜಂಟಿ ನಿರ್ದೇಶಕರು,
ಜಿಲ್ಲಾ ಕೈಗಾರಿಕಾ ಕೇಂದ್ರ, ಕಲಬುರಗಿ

ಮಾನ್ಯರೇ, ನಮಸ್ಕಾರ.

ಗಂಜ್ ಮಾರುಕಟ್ಟೆಯಲ್ಲಿ ನಮ್ಮದೊಂದು ಸಣ್ಣ ಬೇಳೆ ಅಂಗಡಿ. 2019ರಲ್ಲಿ ಕಲಬುರಗಿ ತೊಗರಿಬೇಳೆಗೆ ಜಿಐ ಟ್ಯಾಗ್ (ಊರಿನ ವಿಶಿಷ್ಟ ಉತ್ಪನ್ನಕ್ಕೆ ಸಿಗುವ ಭೌಗೋಳಿಕ ಗುರುತು) ಬಂದಾಗ, ನಾವೂ ಊರಾಚೆ ಮಾರೋಣ ಅಂತ ವೆಬ್‌ಸೈಟ್ ಮಾಡಿಸಿದೆವು. ಅದರ ಡಾಟ್ ಕಾಮ್ ಹೆಸರು, ಅಂದರೆ ದುಡ್ಡು ಕಟ್ಟಿ ನವೀಕರಿಸುತ್ತಿರಬೇಕಾದ ಡೊಮೈನ್, ಈ ವರ್ಷ ಕೈ ತಪ್ಪಿ ಹೋಗುವುದರಲ್ಲಿತ್ತು.

ಜನವರಿ ಅಂದರೆ ಹೊಸ ತೊಗರಿ ಬರುವ ಕಾಲ. ಲಾರಿ, ತೂಕ, ಹಮಾಲರ ಲೆಕ್ಕ. ಊಟಕ್ಕೂ ಪುರುಸೊತ್ತಿರುವುದಿಲ್ಲ. ಆಗಲೇ ಈಮೇಲ್‌ನಲ್ಲಿ ಒಂದು ಬಿಲ್ ಬಂತು. ಮೇಲೆ ಕೆಂಪಕ್ಷರದಲ್ಲಿ 'ಕೊನೆಯ ನೋಟಿಸ್'. ನಮ್ಮ ಡೊಮೈನ್ ಹೆಸರು, ಅವಧಿ ಮುಗಿಯುವ ತಾರೀಕು ಎರಡೂ ಸರಿಯಾಗಿಯೇ ಇದ್ದವು. ಕರೆಂಟ್ ಬಿಲ್ ಕಟ್ಟಿದ ಹಾಗೆ ಮುನೀಮರು ಅದನ್ನೂ ಕಟ್ಟಿಬಿಟ್ಟರು. ಆರು ಸಾವಿರ ಚಿಲ್ಲರೆ. ವರ್ಷಕ್ಕೆ ನಾವು ಕೊಡುತ್ತಿದ್ದದ್ದು ಸಾವಿರದ ಇನ್ನೂರು! ಅವರನ್ನು ಬೈಯಲು ಬಾಯಿ ಬರಲಿಲ್ಲ. ನಾನು ನೋಡಿದ್ದರೂ ಕಟ್ಟುತ್ತಿದ್ದೆ.

ಆಮೇಲೆ ಝೂಮ್ ಮಾಡಿ ಓದಿದೆ. ಕೆಳಗೆ ಸಾಸಿವೆ ಕಾಳಿನಷ್ಟು ಅಕ್ಷರದಲ್ಲಿತ್ತು: ಇದು ಬಿಲ್ ಅಲ್ಲ, ನಿಮ್ಮ ಸೈಟನ್ನು ಸರ್ಚ್ ಎಂಜಿನ್‌ಗಳಿಗೆ ಸೇರಿಸಿಕೊಡುವ ಆಫರ್.

ದುಡ್ಡು ಹೋಗಲಿ. ರಿನ್ಯೂವಲ್ ಆಯಿತಲ್ಲ ಅಂತ, ನಿಜವಾದ ರಿಜಿಸ್ಟ್ರಾರ್ (ನಾವು ಡೊಮೈನ್ ಕೊಂಡ ಕಂಪನಿ) ಕಳಿಸಿದ ಮೇಲ್‌ಗಳನ್ನು ನಾವು ತೆರೆದೇ ನೋಡಲಿಲ್ಲ. ಡಾಟ್ ಕಾಮ್‌ಗೆ ಸುಮಾರು ಒಂದು ತಿಂಗಳ ಮೊದಲು ಒಮ್ಮೆ, ಒಂದು ವಾರದ ಮೊದಲು ಇನ್ನೊಮ್ಮೆ ಅವರು ನೆನಪಿಸಲೇಬೇಕೆಂಬ ನಿಯಮವಿದೆ. ನೆನಪಿಸಿಯೂ ಇದ್ದರು. ಫೆಬ್ರುವರಿಯಲ್ಲಿ ಸೈಟ್ ಬಂದ್ ಆಯಿತು. ಬೆಂಗಳೂರಿನ ಗಿರಾಕಿಯೊಬ್ಬರು ಫೋನ್ ಮಾಡಿ "ಅಂಗಡಿ ಮುಚ್ಚಿಬಿಟ್ರಾ?" ಎಂದಾಗಲೇ ನಮಗೆ ಗೊತ್ತಾದದ್ದು. ಅವಧಿ ಮುಗಿದ ಮೇಲೂ ಕೆಲವು ದಿನ ಕಟ್ಟಲು ಅವಕಾಶವಿತ್ತು, ಹೆಸರು ಉಳಿಯಿತು.

ಸುಳ್ಳು ಬಿಲ್ ಕಳಿಸಿದ ಆ ಮಂದಿಗೆ ತಾರೀಕು ಹೇಗೆ ಗೊತ್ತು ಅಂತೀರಾ? ಡೊಮೈನ್ ಯಾವಾಗ ಮುಗಿಯುತ್ತದೆ ಎಂಬುದನ್ನು ಯಾರು ಬೇಕಾದರೂ ಆನ್‌ಲೈನ್‌ನಲ್ಲಿ ಹುಡುಕಿ ನೋಡಬಹುದು. ಈಮೇಲ್ ವಿಳಾಸವನ್ನು ಸೈಟಿನಲ್ಲಿ ನಾವೇ ಹಾಕಿರುತ್ತೇವೆ, ಅಲ್ವಾ?

ನಿಮ್ಮ ತರಬೇತಿಗಳಲ್ಲಿ ಸಾಲ, ಸಬ್ಸಿಡಿ ಎಲ್ಲ ಹೇಳಿಕೊಡುತ್ತೀರಿ. ಅರ್ಧ ಗಂಟೆ ಇದಕ್ಕೂ ಕೊಡಿ. "ನಿಮ್ಮ ರಿಜಿಸ್ಟ್ರಾರ್ ಯಾರು?" ಅಂತಲೇ ಶುರು ಮಾಡಿ. ಗಂಜ್‌ನಲ್ಲಿ ನಾನು ನಾಲ್ವರನ್ನು ಕೇಳಿದೆ. ಮೂವರು "ಸೈಟ್ ಮಾಡಿದ ಹುಡುಗಗ ಗೊತ್ರಿ" ಎಂದರು. ಅದರಲ್ಲಿ ಒಬ್ಬ ಹುಡುಗ ಹೈದರಾಬಾದಿಗೆ ಹೋಗಿ ನಂಬರೂ ಬದಲಾಯಿಸಿದ್ದಾನೆ.

ರಿಜಿಸ್ಟ್ರಾರ್ ಬಳಿಯ ಖಾತೆ ಅಂಗಡಿ ಮಾಲೀಕರ ಹೆಸರಲ್ಲೇ ಇರಬೇಕು. ನೋಟಿಸಿನ ಲಿಂಕ್ ಒತ್ತದೆ, ರಿಜಿಸ್ಟ್ರಾರ್ ಸೈಟಿಗೆ ತಾವೇ ಹೋಗಿ ತಾರೀಕು ನೋಡಬೇಕು. ರಿನ್ಯೂವಲ್ ಹೆಸರಲ್ಲಿ ಡೊಮೈನನ್ನೇ ಬೇರೆ ಕಂಪನಿಗೆ ಎಳೆದುಕೊಳ್ಳುವವರೂ ಇದ್ದಾರೆ, ಅದಕ್ಕೆ ಟ್ರಾನ್ಸ್‌ಫರ್ ಲಾಕ್ ಹಾಕಿಡಬೇಕು. ಮೋಸ ಹೋದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು. ಇಷ್ಟನ್ನು ಒಂದು ಹಾಳೆಯಲ್ಲಿ ಕನ್ನಡದಲ್ಲಿ ಅಚ್ಚು ಹಾಕಿಸಿ ಹಂಚಿ.

ನಮಗೆ ಬಂದ ನೋಟಿಸಿನ ಪ್ರಿಂಟ್ ಜೊತೆಗಿಟ್ಟಿದ್ದೇನೆ, ತರಬೇತಿಯಲ್ಲಿ ತೋರಿಸಲು ಬಳಸಿಕೊಳ್ಳಿ. ಆ ಸಣ್ಣ ಅಕ್ಷರದ ಸಾಲಿಗೆ ನಮ್ಮ ಮುನೀಮರೇ ಕೆಂಪು ಪೆನ್ನಿನಲ್ಲಿ ಗೆರೆ ಎಳೆದುಕೊಟ್ಟಿದ್ದಾರೆ.

ಇಂತಿ,
ಗಂಜ್‌ನ ಒಬ್ಬ ಬೇಳೆ ವ್ಯಾಪಾರಿ, ಕಲಬುರಗಿ