ಹಿಮದಡಿಯ ಆರು ದಿನ, ಅದರ ಹಿಂದಿನ ಹದಿಮೂರು ವರ್ಷ

ಪ್ರಿಯ ಗೆಳೆಯರೆ,

ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ್ ಅವರ ಕುರಿತ ನಿಮ್ಮ ಲೇಖನ ಓದಿದೆ. ಮೊದಲ ಪುಟದಲ್ಲೇ ‘ವೀರ’, ‘ಧೀರ’, ‘ಅಮರ’ ಮೂರೂ ಬಂದು ಕೂತಿವೆ. ಮೂರನ್ನೂ ತೆಗೆಯಿರಿ. ಸುಳ್ಳೆಂದು ಹೇಳುತ್ತಿಲ್ಲ, ಆದರೆ ಯಾವ ಯೋಧನ ಹೆಸರಿಗಾದರೂ ಅಂಟಿಸಬಹುದಾದ ಪದಗಳಿಂದ ಈ ಒಬ್ಬ ಮನುಷ್ಯ ಕಾಣಿಸುವುದಿಲ್ಲ.

2016ರ ಫೆಬ್ರುವರಿ 3ರಂದು ಸಿಯಾಚಿನ್‌ನ ಸೋನಂ ಠಾಣೆಯ ಮೇಲೆ ಹಿಮ ಕುಸಿದದ್ದು, 19 ಮದ್ರಾಸ್ ಬೆಟಾಲಿಯನ್ನಿನ ಹತ್ತು ಮಂದಿ ಹೂತುಹೋದದ್ದು, ಆರು ದಿನಗಳ ಬಳಿಕ ಇವರೊಬ್ಬರೇ ಉಸಿರಾಡುತ್ತ ಸಿಕ್ಕಿದ್ದು, 11ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ತೀರಿಕೊಂಡದ್ದು ಎಲ್ಲರಿಗೂ ಗೊತ್ತು. ನೀವು ಅದನ್ನೇ ಹೇಳಿ, ಹಿಮದಡಿಯಲ್ಲಿ ಅವರು ಏನೇನು ನೆನೆದರೆಂದು ನಾಲ್ಕು ಪುಟ ತುಂಬಿಸಿದ್ದೀರಿ. ಮಗುವಿನ ನಗು ಕೇಳಿಸಿತಂತೆ, ಊರಿನ ಗುಡಿ ಕಂಡಿತಂತೆ. ನಿಮಗೆ ಹೇಳಿದವರು ಯಾರು? ಕೋಮಾಕ್ಕೆ ಜಾರಿದವರು ಮತ್ತೆ ಎಚ್ಚರಗೊಳ್ಳಲಿಲ್ಲ. ಅಲ್ಲಿ ಕಲ್ಪನೆ ಕೈಕಟ್ಟಿ ನಿಲ್ಲಲಿ.

ಆ ವಾರದ ವೈದ್ಯಕೀಯ ಪ್ರಕಟಣೆಯನ್ನು ಹುಡುಕಿ ಓದಿ. ದೇಹದ ನೀರು ಬತ್ತಿದೆ, ಮೈಶಾಖ ಕುಸಿದಿದೆ, ಆಮ್ಲಜನಕ ಸಾಲದು, ರಕ್ತದಲ್ಲಿ ಸಕ್ಕರೆ ಇಳಿದಿದೆ. ಆದರೆ ಹಿಮಗಾಯವಾಗಲಿ ಮೂಳೆಯ ಪೆಟ್ಟಾಗಲಿ ಕಾಣುತ್ತಿಲ್ಲ. ನಿಮ್ಮ ನಾಲ್ಕು ಪುಟಗಳು ಮಾಡದ್ದನ್ನು ಆ ಕೊನೆಯ ಮಾತು ಮಾಡುತ್ತದೆ. ಬರೆದವರು ಸಾಹಿತಿಯಲ್ಲ, ಬಹುಶಃ ಅದೇ ಕಾರಣಕ್ಕೆ.

ಸತ್ತಾಗ ಅವರಿಗೆ 33 ವರ್ಷ. 2002ರಲ್ಲಿ ಸೇನೆ ಸೇರಿದವರು. ಹದಿಮೂರು ವರ್ಷಗಳ ಸೇವೆಯಲ್ಲಿ ಹತ್ತು ವರ್ಷ ಕಷ್ಟದ ನೆಲೆಗಳಲ್ಲೇ ಕಳೆಯಿತು: ಜಮ್ಮು-ಕಾಶ್ಮೀರದ ಮಹೋರ್, ಆಮೇಲೆ ಕಾಶ್ಮೀರದಲ್ಲಿ ಉಗ್ರರ ವಿರುದ್ಧ ಹೋರಾಡುವ ಸೇನಾಪಡೆಯಾದ 54 ರಾಷ್ಟ್ರೀಯ ರೈಫಲ್ಸ್, ಅದರ ನಂತರ ಈಶಾನ್ಯ ರಾಜ್ಯಗಳು. ರಾಷ್ಟ್ರೀಯ ರೈಫಲ್ಸ್‌ಗೆ ತಾವಾಗಿಯೇ ಕೇಳಿಕೊಂಡು ಹೋದವರು. ಸಿಯಾಚಿನ್‌ನ ಆ ಎತ್ತರಕ್ಕೆ ಏರಿದ್ದು 2015ರ ಡಿಸೆಂಬರಿನಲ್ಲಿ. ಇದಕ್ಕೆಲ್ಲ ನೀವು ಕೊಟ್ಟಿದ್ದು ಒಂದೂವರೆ ಸಾಲು! ಕುಂದಗೋಳ ತಾಲ್ಲೂಕಿನ ಎರೆಮಣ್ಣಿನಿಂದ ಹೋದವನೊಬ್ಬ ಕಷ್ಟದ ಜಾಗವನ್ನೇ ಏಕೆ ಬೇಡುತ್ತಾನೆ? ಲೇಖನ ಹುಟ್ಟಬೇಕಾದದ್ದು ಈ ಪ್ರಶ್ನೆಯಲ್ಲಿ.

ಅವರ ಊರು ಬೆಟದೂರಿಗೆ ಹೋಗಿ. ಮನೆಯವರ ಮುಂದೆ ಮೊಬೈಲ್ ಹಿಡಿದು ನಿಲ್ಲಬೇಡಿ. ಅವರು ಬೇಕಾದಷ್ಟು ಕ್ಯಾಮೆರಾ ಕಂಡಿದ್ದಾರೆ. ಜೊತೆಗೆ ಓದಿದವರನ್ನು, ಹೊಲದ ನೆರೆಯವರನ್ನು ಮಾತಾಡಿಸಿ. ರಜೆಯಲ್ಲಿ ಬಂದಾಗ ಬಿತ್ತನೆಗೆ ಇಳಿಯುತ್ತಿದ್ದರೇ, ಕಟ್ಟೆಯ ಮೇಲೆ ಕೂರುತ್ತಿದ್ದರೇ, ಯಾರೊಡನೆಯಾದರೂ ಜಗಳವಿತ್ತೇ, ಕೇಳಿ. ಜಗಳ ಸಿಕ್ಕರೆ ಮುಚ್ಚಿಡಬೇಡಿ, ಅದರಿಂದ ಅವರ ಗೌರವ ಇಳಿಯುವುದಿಲ್ಲ.

ಇನ್ನೊಂದು. ಉಳಿದ ಒಂಬತ್ತು ಮಂದಿಯಲ್ಲಿ ಇಬ್ಬರು ಕನ್ನಡನಾಡಿನವರೇ, ಹಾಸನ ಜಿಲ್ಲೆಯ ಸುಬೇದಾರ್ ನಾಗೇಶ್, ಎಚ್.ಡಿ. ಕೋಟೆಯ ಸಿಪಾಯಿ ಮಹೇಶ್. ನಿಮ್ಮ ಲೇಖನದಲ್ಲಿ ಅವರ ಹೆಸರೇ ಇಲ್ಲ. ಫೆಬ್ರುವರಿ ಸಂಚಿಕೆಗೆಂದು ಅವಸರ ಮಾಡಬೇಡಿ. ಆ ಎರಡು ಊರುಗಳನ್ನೂ ನೋಡಿಕೊಂಡು ಬಂದ ಮೇಲೆ ಹೊಸ ಪ್ರತಿ ಕಳಿಸಿ, ಓದುತ್ತೇನೆ.

ನಿಮ್ಮವ