ಹಡಗಿನ ಆಫರ್‌ಗೆ ಈಗಲೇ ಅಡ್ವಾನ್ಸ್ ಕಟ್ಟಬೇಡಿ

ಸಿಯಾಟಲ್
ನವೆಂಬರ್ 16

ತೀರ್ಥರೂಪರಾದ ಅಪ್ಪ ಅಮ್ಮನಿಗೆ ನಿಮ್ಮ ಮಗಳು ಮಾಡುವ ನಮಸ್ಕಾರಗಳು. ನಾನು ಇಲ್ಲಿ ಕ್ಷೇಮ. ದೊಡ್ಡಮ್ಮನ ಮಂಡಿ ನೋವು ಹೇಗಿದೆ, ಬರೆಯಿರಿ.

ಅಪ್ಪ, ನೀವು ವಾಟ್ಸಾಪ್‌ನಲ್ಲಿ ಕಳಿಸಿದ ಅಲಾಸ್ಕಾ ಹಡಗಿನ ಜಾಹೀರಾತನ್ನು ಪೂರ್ತಿ ಓದಿದೆ. ತಲಾ 700 ಡಾಲರ್, ಎರಡನೆಯವರಿಗೆ 60% ಕಡಿತ, ಮೂರನೆಯವರಿಗೆ ಉಚಿತ, ಇನ್ನು 48 ಗಂಟೆ ಮಾತ್ರ. ಇಂಥ ಆಫರ್ ಮತ್ತೆ ಬರಲ್ಲ, ಇವತ್ತೇ ಅಡ್ವಾನ್ಸ್ ಕಟ್ಟೋಣ ಅಂತ ಭಾವ ಹೇಳಿದರಂತೆ. ದಯವಿಟ್ಟು ಕಟ್ಟಬೇಡಿ. ನೀವು ಬರಲೇಬೇಕು, ಅಲಾಸ್ಕಾ ನೋಡಲೇಬೇಕು, ಅದು ನನಗೆ ನಿಮಗಿಂತ ಹೆಚ್ಚು ಆಸೆ. ಆದರೆ ಆ ಕಾಗದದಲ್ಲಿರುವ ದರ ನೀವು ಕೊಡುವ ದರ ಅಲ್ಲ. ಫೋನಿನಲ್ಲಿ ಹೇಳಿದರೆ ಲೆಕ್ಕ ಕಿವಿಯಲ್ಲಿ ನಿಲ್ಲುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಈ ದರ ಯಾಕೆ ದಿನಕ್ಕೊಂದು ಥರ ಇರುತ್ತದೆ ಅನ್ನುವುದು ನಿಮಗೆ ಬೇಗ ಅರ್ಥವಾಗುತ್ತದೆ. ಕೋಲಾರದ ಮಂಡಿಗೆ ಟೊಮ್ಯಾಟೊ ಹಾಕಿದವರು ನೀವು. ಹದಿನೈದು ಕೆಜಿ ಬಾಕ್ಸು 2023ರ ಜುಲೈನಲ್ಲಿ ಎರಡು ಸಾವಿರ ದಾಟಿದ್ದನ್ನೂ ನೋಡಿದ್ದೀರಿ, ಕೂಲಿ ಬಾಡಿಗೆಯೂ ಹುಟ್ಟದೆ ರಸ್ತೆ ಬದಿಗೆ ಸುರಿದದ್ದನ್ನೂ ನೋಡಿದ್ದೀರಿ. ಹಡಗಿನ ಕೋಣೆಯೂ ಹಣ್ಣಾದ ಟೊಮ್ಯಾಟೊ ಇದ್ದಂತೆಯೇ. ಹಡಗು ದಡ ಬಿಟ್ಟ ಮೇಲೆ ಖಾಲಿ ಉಳಿದ ಕೋಣೆಗೆ ಒಂದು ಕಾಸೂ ಹುಟ್ಟುವುದಿಲ್ಲ. ಹಾಗಾಗಿ ಎಷ್ಟು ಕೋಣೆ ಹೋಗಿವೆ, ಎಷ್ಟು ಉಳಿದಿವೆ ಅಂತ ಕಂಪ್ಯೂಟರ್ ನೋಡುತ್ತಾ ದರವನ್ನು ಏರಿಸಿ ಇಳಿಸುತ್ತಲೇ ಇರುತ್ತದೆ. ಒಂದು ವ್ಯತ್ಯಾಸ ಮಾತ್ರ ಇದೆ. ಮಂಡಿಯಲ್ಲಿ ಹರಾಜು ಎಲ್ಲರ ಎದುರೇ ಕೂಗುತ್ತಾರೆ. ಇಲ್ಲಿ ಮೂಲ ದರ ಎಷ್ಟು ಅಂತ ನಿಗದಿ ಮಾಡುವವರೂ ಅವರೇ, ಅದರ ಮೇಲೆ ಕಡಿತ ಕೊಡುವವರೂ ಅವರೇ. ಮೂಲ ದರ ಸ್ವಲ್ಪ ಏರಿಸಿ ಕಡಿತವನ್ನು ದಪ್ಪ ಅಕ್ಷರದಲ್ಲಿ ಬರೆದರೆ ಯಾರೂ ಕೇಳುವ ಹಾಗಿಲ್ಲ. ಎಷ್ಟು ಶೇಕಡಾ ಕಡಿತ ಅಂತ ನೋಡುತ್ತಾ ಕೂತರೆ ಏನೂ ತಿಳಿಯುವುದಿಲ್ಲ, ಕೊನೆಗೆ ಕೈಯಿಂದ ಎಷ್ಟು ಹೋಗುತ್ತದೆ ಅನ್ನುವ ಒಂದೇ ಅಂಕಿ ಕೇಳಬೇಕು.

ಅದೇ 60% ತೆಗೆದುಕೊಳ್ಳಿ. ಮೊದಲನೆಯವರಿಗೆ 1,000 ಡಾಲರ್, ಎರಡನೆಯವರಿಗೆ 400, ಒಟ್ಟು 1,400. ಇಬ್ಬರಿಗೂ ಹಂಚಿದರೆ ತಲಾ 700. ಅಂದರೆ ನಿಜವಾದ ಕಡಿತ 30% ಅಷ್ಟೇ. ಇನ್ನೊಂದು ಕಂಪನಿ ಎಲ್ಲರಿಗೂ 35% ಅಂತ ಸಣ್ಣದಾಗಿ ಬರೆದಿದ್ದರೆ ಅದೇ ಅಗ್ಗ. ಆ 700 ಕೂಡ ಒಂದು ಕೋಣೆಯಲ್ಲಿ ಇಬ್ಬರು ಇದ್ದರೆ ಮಾತ್ರ, ಅದೂ ಕಿಟಕಿಯೇ ಇಲ್ಲದ ಒಳಗಿನ ಕೋಣೆಗೆ.

ಇದರ ಮೇಲೆ ಬಂದರಿನ ತೆರಿಗೆ ಮತ್ತು ಶುಲ್ಕ. ಅಲಾಸ್ಕಾ ರಾಜ್ಯವೇ ಹಡಗಿನ ಪ್ರತಿ ಪ್ರಯಾಣಿಕರಿಂದ 34.50 ಡಾಲರ್ ತೆಗೆದುಕೊಳ್ಳುತ್ತದೆ. ಅದರ ಜೊತೆಗೆ ಒಂದೊಂದು ಬಂದರಿನದೂ ಸೇರುತ್ತದೆ. ಕ್ಯಾಲಿಫೋರ್ನಿಯಾದಲ್ಲಿ 2024ರ ಜುಲೈ 1ರಿಂದ ಒಂದು ಕಾನೂನು ಬಂತು, ಜಾಹೀರಾತಿನ ದರದಲ್ಲೇ ಕಡ್ಡಾಯ ಶುಲ್ಕಗಳನ್ನು ಸೇರಿಸಿ ತೋರಿಸಬೇಕು ಅಂತ. ಆಮೇಲೆ ದೊಡ್ಡ ಹಡಗು ಕಂಪನಿಗಳು ಅಮೆರಿಕದ ತಮ್ಮ ಜಾಲತಾಣಗಳಲ್ಲಿ ತೆರಿಗೆ ಸೇರಿಸಿಯೇ ದರ ತೋರಿಸತೊಡಗಿದವು. ಬಹಳ ಒಳ್ಳೆಯ ಕೆಲಸ ಆಯಿತು. ಆದರೆ ನಿಮಗೆ ಬಂದಿರುವುದು ಬೆಂಗಳೂರಿನ ಏಜೆನ್ಸಿಯ ಕಾಗದ. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ 'ತೆರಿಗೆ ಪ್ರತ್ಯೇಕ' ಅಂತ ಇದೆ, ಅಮ್ಮನ ಕನ್ನಡಕ ಹಾಕಿಕೊಂಡು ಒಮ್ಮೆ ನೋಡಿ. ಟಿಪ್ಸ್ ಬೇರೆ. ಕೋಣೆ ಗುಡಿಸುವವರಿಗೆ, ಊಟ ಬಡಿಸುವವರಿಗೆ ಅಂತ ದಿನಕ್ಕೆ ತಲಾ 16ರಿಂದ 20 ಡಾಲರ್ ಖಾತೆಗೆ ತಾನಾಗಿಯೇ ಬೀಳುತ್ತದೆ. ಅವರು ತಿಂಗಳುಗಟ್ಟಲೆ ಮನೆ ಬಿಟ್ಟು ದುಡಿಯುವ ಜನ, ಅವರಿಗೆ ಹೋಗುವುದನ್ನು ಉಳಿಸುವ ಯೋಚನೆ ನಮಗೆ ಬೇಡ. ಮೊದಲೇ ಲೆಕ್ಕದಲ್ಲಿ ಸೇರಿಸಿಬಿಡೋಣ.

ಏಳು ರಾತ್ರಿಗೆ ದಿನಕ್ಕೆ 17ರಂತೆ 119. ತೆರಿಗೆ 250 ಅಂತ ಇಟ್ಟುಕೊಳ್ಳಿ. ತಲಾ 700 ಅಂದದ್ದು 1,069 ಆಯಿತು, ನಿಮಗೂ ಅಮ್ಮನಿಗೂ ಸೇರಿ 2,138.

ಈಗ ದೊಡ್ಡಮ್ಮನ ವಿಷಯ. ಮೂರನೆಯವರಿಗೆ ಉಚಿತ ಇದೆಯಲ್ಲ, ದೊಡ್ಡಮ್ಮನನ್ನು ನಿಮ್ಮ ಕೋಣೆಗೇ ಸೇರಿಸಿಕೊಳ್ಳೋಣ ಅಂದಿರಿ. ಉಚಿತ ಅಂದರೂ ತೆರಿಗೆ, ಟಿಪ್ಸ್ ಸೇರಿ 369 ಡಾಲರ್ ಕೊಡಲೇಬೇಕು. ಅದು ಹೋಗಲಿ. ಮೂರನೆಯವರ ಹಾಸಿಗೆ ಬಹಳಷ್ಟು ಕೋಣೆಗಳಲ್ಲಿ ಗೋಡೆಯಿಂದಲೋ ಸೂರಿನಿಂದಲೋ ಇಳಿಸುವಂಥದ್ದು, ಏಣಿ ಹತ್ತಬೇಕು. ದೊಡ್ಡಮ್ಮನ ಮಂಡಿಗೆ ಅದು ಆಗದ ಮಾತು. ಹಾಗಂತ ಅವರೊಬ್ಬರಿಗೇ ಬೇರೆ ಕೋಣೆ ತೆಗೆದರೆ ಒಬ್ಬರೇ ಇದ್ದರೂ ಹೆಚ್ಚುಕಡಿಮೆ ಇಬ್ಬರ ದರವನ್ನೇ ಕೇಳುತ್ತಾರೆ. ತೆರಿಗೆ, ಟಿಪ್ಸ್ ಮಾತ್ರ ಒಬ್ಬರದು. ಇದೇ ಲೆಕ್ಕದಲ್ಲಿ 1,400ಕ್ಕೆ 369 ಸೇರಿ 1,769. ಅದೇ ಕೋಣೆಯಲ್ಲಿ ನಾನೂ ಇದ್ದರೆ 2,138. ಅಂದರೆ ನಾನು ಜೊತೆಗೆ ಬಂದರೆ ಹೆಚ್ಚಾಗುವುದು 369 ಡಾಲರ್ ಮಾತ್ರ. ಹಾಗಾಗಿ ನಾನು ರಜೆ ಹಾಕಿ ಬರುತ್ತೇನೆ, ದೊಡ್ಡಮ್ಮನ ಜೊತೆ ನಾನಿರುತ್ತೇನೆ. ಇದನ್ನು ನಾನು ತೀರ್ಮಾನ ಮಾಡಿ ಆಯಿತು, ಬೇಡ ಅನ್ನಬೇಡಿ.

ಅದೇ ಕಾಗದದಲ್ಲಿ 'ಪಾನೀಯ ಪ್ಯಾಕೇಜ್ ಉಚಿತ' ಅಂತ ನಕ್ಷತ್ರ ಹಾಕಿ ಬರೆದಿದ್ದಾರೆ. ಅಂಥ ಉಚಿತಕ್ಕೂ ಹಲವು ಕಂಪನಿಗಳು ಸೇವಾ ಶುಲ್ಕ ಹಾಕುತ್ತವೆ, ಪ್ಯಾಕೇಜಿನ ಪೂರ್ತಿ ಬೆಲೆಯ ಮೇಲೆ 20%ರಷ್ಟು. ನಮ್ಮಲ್ಲಿ ಯಾರೂ ಕುಡಿಯುವವರಿಲ್ಲ. ನೀರು, ಕಾಫಿ, ಟೀ ಬಫೆಯಲ್ಲಿ ಹೇಗೂ ಸಿಗುತ್ತದೆ. ಅದಕ್ಕೆ ಉಚಿತಗಳನ್ನೆಲ್ಲ ಬಿಟ್ಟ ಬರೀ ಟಿಕೆಟ್ ದರ ಎಷ್ಟು ಅಂತ ಕೇಳುತ್ತೇನೆ. 'ಆನ್‌ಬೋರ್ಡ್ ಕ್ರೆಡಿಟ್' ಅಂತ ಇನ್ನೊಂದಿದೆ. ಅದು ಹಡಗಿನೊಳಗೆ ಮಾತ್ರ ಖರ್ಚು ಮಾಡುವ ಹಣ. ಆಫರಿನಲ್ಲಿ ಬಂದದ್ದಾದರೆ ಕೊನೆಯ ರಾತ್ರಿಯೊಳಗೆ ಮುಗಿಸದಿದ್ದರೆ ಸಾಮಾನ್ಯವಾಗಿ ಹೋಯಿತು ಅಂತಲೇ ಲೆಕ್ಕ.

ಅಮ್ಮ, ನೀನು ಊಟದ ಬಗ್ಗೆ ಕೇಳಿದ್ದೆ. ಮೂರು ಹೊತ್ತಿನ ಊಟ ಟಿಕೆಟ್‌ನಲ್ಲೇ ಸೇರಿದೆ. ಸಸ್ಯಾಹಾರ ಬೇಕು ಅಂತ ಮೊದಲೇ ತಿಳಿಸಿದರೆ ಭಾರತೀಯ ಅಡುಗೆಯನ್ನೂ ಮಾಡಿಕೊಡುವ ಹಡಗುಗಳಿವೆ, ನಾನು ತಿಳಿಸುತ್ತೇನೆ. ಮುದ್ದೆ ಮಾತ್ರ ಸಿಗುವುದಿಲ್ಲ. ನಿನಗೆ ಬಸ್ಸಿನಲ್ಲೇ ತಲೆ ಸುತ್ತುತ್ತದೆ, ಹಾಗಾಗಿ ಕೋಣೆಯ ಜಾಗ ಬಹಳ ಮುಖ್ಯ. ಸಿಯಾಟಲ್‌ನಿಂದ ಹೊರಟ ಹಡಗು ಸ್ವಲ್ಪ ದೂರ ತೆರೆದ ಸಮುದ್ರದಲ್ಲೇ ಹೋಗಬೇಕು. ಕೆಳಗಿನ ಅಂತಸ್ತು, ಹಡಗಿನ ನಡು ಭಾಗ, ಅಲ್ಲಿ ಅಲುಗಾಟ ಕಡಿಮೆ. ಅತಿ ಅಗ್ಗದ ದರಕ್ಕೆ ಕೊಡುವುದು 'ಗ್ಯಾರಂಟಿ' ಕೋಣೆ. ಹೆಸರು ಕೇಳಿ ಸಮಾಧಾನ ಪಡಬೇಡಿ. ಯಾವುದೋ ಒಂದು ಕೋಣೆ ಸಿಗುತ್ತದೆ ಅನ್ನುವುದಷ್ಟೇ ಅಲ್ಲಿ ಗ್ಯಾರಂಟಿ, ಎಲ್ಲಿ ಅನ್ನುವುದು ಅವರಿಷ್ಟ. ವಯಸ್ಸಾದವರನ್ನು ಕರೆದುಕೊಂಡು ಹೋಗುವಾಗ ನನಗೆ ಅದು ಬೇಡ. ಲಿಫ್ಟ್ ಹತ್ತಿರದ, ಕಿಟಕಿ ಇರುವ ಕೋಣೆ ಆರಿಸಿ ತೆಗೆಯೋಣ. ಸ್ವಲ್ಪ ಹೆಚ್ಚಾಗಲಿ.

ಎಲ್ಲಕ್ಕಿಂತ ದೊಡ್ಡ ವಿಷಯ ಇನ್ನೂ ಬರೆದಿಲ್ಲ. ಅಮೆರಿಕದಲ್ಲಿ 1886ರ ಒಂದು ಕಾನೂನು ಈಗಲೂ ಇದೆ. ಬೇರೆ ದೇಶದ ಬಾವುಟದ ಹಡಗು ಅಮೆರಿಕದ ಬಂದರುಗಳ ನಡುವೆಯೇ ಪ್ರಯಾಣಿಕರನ್ನು ಸುತ್ತಿಸಿಕೊಂಡು ಬರುವ ಹಾಗಿಲ್ಲ, ನಡುವೆ ಒಂದು ಪರದೇಶದ ಬಂದರು ಮುಟ್ಟಬೇಕು. ಈ ದೊಡ್ಡ ಹಡಗುಗಳಲ್ಲಿ ಹೆಚ್ಚಿನವು ಬಹಾಮಾಸ್, ಪನಾಮಾ ಮುಂತಾದ ದೇಶಗಳ ಬಾವುಟದವು. ಅದಕ್ಕೇ ಸಿಯಾಟಲ್‌ನಿಂದ ಅಲಾಸ್ಕಾಗೆ ಹೋಗುವ ಹಡಗು ಸಾಮಾನ್ಯವಾಗಿ ಕೆನಡಾದ ವಿಕ್ಟೋರಿಯಾದಲ್ಲಿ ಒಂದು ಸಂಜೆ ನಿಲ್ಲುತ್ತದೆ. ನಿಮ್ಮ ಮೂವರದೂ ಭಾರತದ ಪಾಸ್‌ಪೋರ್ಟ್. ಅಮೆರಿಕದ ವೀಸಾ ಇದ್ದರೆ ಸಾಲದು, ಕೆನಡಾ ವೀಸಾ ಬೇಕು. ಅಲ್ಲಿ ಕೆಳಗಿಳಿಯದೆ ಹಡಗಿನಲ್ಲೇ ಕೂತಿರುತ್ತೇವೆ ಅಂದರೂ ಹತ್ತುವಾಗಲೇ ಕೇಳುತ್ತಾರೆ. ಇಲ್ಲದಿದ್ದರೆ ಹತ್ತಿಸಿಕೊಳ್ಳುವುದಿಲ್ಲ, ಕಟ್ಟಿದ ಹಣವೂ ವಾಪಸ್ ಬರುವುದಿಲ್ಲ. ಆ ಜಾಹೀರಾತಿನಲ್ಲಿ ಇದರ ಬಗ್ಗೆ ಒಂದಕ್ಷರ ಇಲ್ಲ, ಅದು ನೋಡಿಯೇ ನನಗೆ ಸಿಟ್ಟು ಬಂದದ್ದು.

ಆ ಆಫರಿನ ಅಡ್ವಾನ್ಸ್ 'ನಾನ್ ರಿಫಂಡಬಲ್'. ಅದಕ್ಕೇ ಅಷ್ಟು ಅಗ್ಗ. ಕೆನಡಾ ವೀಸಾ ಬಾರದಿದ್ದರೆ ಆ ಹಣ ಮುಳುಗಿದಂತೆ. ನಾವು ತೆಗೆಯಬೇಕಾದದ್ದು ಹಣ ವಾಪಸ್ ಬರುವ ದರ, ಹೆಚ್ಚಾದರೂ ಸರಿ. ಅದರಲ್ಲಿ ಇನ್ನೊಂದು ಅನುಕೂಲವೂ ಇದೆ. ಪೂರ್ತಿ ಹಣ ಕಟ್ಟುವ ಗಡುವು ಸಾಮಾನ್ಯವಾಗಿ ಹಡಗು ಹೊರಡುವುದಕ್ಕೆ 90 ದಿನ ಮುಂಚೆ. ಅಲ್ಲಿಯವರೆಗೆ ದರ ಇಳಿದರೆ ಇಳಿದ ದರಕ್ಕೆ ಬದಲಿಸಿಕೊಡಿ ಅಂತ ಕೇಳಬಹುದು, ಅಮೆರಿಕದಲ್ಲಿ ಬುಕ್ ಮಾಡಿದರೆ ಇದು ನಡೆಯುತ್ತದೆ. ಗಡುವು ದಾಟಿದ ಮೇಲೆ ರದ್ದು ಮಾಡಿದರೆ ದಿನ ಹತ್ತಿರವಾದಷ್ಟೂ ಹೆಚ್ಚು ಕಡಿತ, ಕೊನೆಗೆ ಏನೂ ಉಳಿಯುವುದಿಲ್ಲ.

48 ಗಂಟೆಯ ಗಡಿಯಾರಕ್ಕೆ ಹೆದರಬೇಡಿ. ವರ್ಷದ ದೊಡ್ಡ ಆಫರುಗಳು ಜನವರಿಯಿಂದ ಮಾರ್ಚ್‌ವರೆಗೆ ಬರುತ್ತವೆ, ಇವರ ವ್ಯಾಪಾರದ ಸುಗ್ಗಿಯೇ ಅದು. ಒಂದು ಆಫರ್ ಮುಗಿದ ಮಾರನೇ ದಿನ ಬೇರೆ ಹೆಸರಿನಲ್ಲಿ ಇನ್ನೊಂದು ಬರುತ್ತದೆ. ಕೊನೇ ಗಳಿಗೆಯಲ್ಲಿ ಇನ್ನೂ ಇಳಿಯುತ್ತದಲ್ಲ ಅಂತ ಭಾವ ಕೇಳಬಹುದು. ಕೆಲವೊಮ್ಮೆ ಇಳಿಯುತ್ತದೆ, ಆದರೆ ಅದು ಬಂದರಿನ ಪಕ್ಕದಲ್ಲೇ ಇರುವವರಿಗೆ. ಬೆಂಗಳೂರಿನಿಂದ ವಿಮಾನದ ಟಿಕೆಟ್, ವೀಸಾ ಎಲ್ಲ ಆಗಬೇಕಾದ ನಮಗೆ ಅದು ಉಪಯೋಗಕ್ಕೆ ಬರುವುದಿಲ್ಲ.

ನನ್ನ ಮನಸ್ಸಿನಲ್ಲಿರುವುದು ಮೇ ತಿಂಗಳು. ಜುಲೈ, ಆಗಸ್ಟ್‌ಗಿಂತ ದರ ಕಡಿಮೆ, ಅಲ್ಲಿ ಮಳೆಯೂ ಕಡಿಮೆ. ಗ್ಲೇಸಿಯರ್ ಬೇ ಅಂತ ಹಿಮನದಿಗಳ ಒಂದು ಕೊಲ್ಲಿ ಇದೆ, ಅದರ ಒಳಗೆ ಹೋಗುವ ಹಡಗನ್ನೇ ನೋಡುತ್ತೇನೆ. ಅಲ್ಲಿಗೆ ದಿನಕ್ಕೆ ಎರಡೇ ದೊಡ್ಡ ಹಡಗುಗಳನ್ನು ಬಿಡುತ್ತಾರೆ, ಅದಕ್ಕಾಗಿ ಸ್ವಲ್ಪ ಹೆಚ್ಚು ಕೊಟ್ಟರೆ ನನಗೆ ಬೇಸರವಿಲ್ಲ. ಅಪ್ಪ, ಸ್ಕಾಗ್ವೇ ಅಂತ ಒಂದು ಊರಿನಲ್ಲಿ 1898ರಿಂದ 1900ರೊಳಗೆ ಬೆಟ್ಟ ಕೊರೆದು ಹಾಕಿದ ರೈಲು ದಾರಿ ಇದೆ, ಕೆನಡಾದ ಕ್ಲಾಂಡೈಕ್ ಅನ್ನುವ ಕಡೆಗೆ ಚಿನ್ನ ಹುಡುಕಿಕೊಂಡು ಹೋಗುವವರಿಗಾಗಿ ಹಾಕಿದ್ದು. ತಾತ ಕೆಜಿಎಫ್ ಗಣಿಯ ಪಾಳಿಯ ಕಥೆ ಹೇಳುತ್ತಿದ್ದರಲ್ಲ, ನಿಮ್ಮನ್ನು ಆ ರೈಲಿನಲ್ಲಿ ಕೂರಿಸಬೇಕು. ಅದರ ಟಿಕೆಟ್ ಬೇರೆ, ಅದನ್ನು ನಾನು ಕೊಡುತ್ತೇನೆ.

ಮೇ ಮಧ್ಯಕ್ಕೆ ಹೊರಟರೆ ಫೆಬ್ರವರಿ ಮಧ್ಯಕ್ಕೆ ಪೂರ್ತಿ ಹಣ ಕಟ್ಟಬೇಕು. ಅಷ್ಟರೊಳಗೆ ಕೆನಡಾ ವೀಸಾ ಕೈಗೆ ಬರಬೇಕು. ಶುಲ್ಕ ತಲಾ 100 ಕೆನಡಾ ಡಾಲರ್, ಬೆರಳಚ್ಚಿಗೆ ಇನ್ನೂ 85. ಬೆರಳಚ್ಚು ಕೊಡಲು ಬೆಂಗಳೂರಿಗೆ ಹೋಗಬೇಕು, ದೊಡ್ಡಮ್ಮನಿಗೆ ಕಾರು ಮಾಡಿ, ಬಸ್ಸು ಬೇಡ. ಮೂವರ ಪಾಸ್‌ಪೋರ್ಟಿನ ಎಲ್ಲ ಪುಟಗಳನ್ನೂ ಸ್ಕ್ಯಾನ್ ಮಾಡಿಸಿ ಈ ವಾರವೇ ಕಳಿಸಿ, ಜೊತೆಗೆ ಪಹಣಿ ಮತ್ತು ಬ್ಯಾಂಕ್ ಸ್ಟೇಟ್‌ಮೆಂಟ್. ದೊಡ್ಡಮ್ಮ ತೆಗೆದುಕೊಳ್ಳುವ ಬಿಪಿ, ಸಕ್ಕರೆ ಮಾತ್ರೆಗಳ ಹೆಸರನ್ನೂ ಬರೆದು ಕಳಿಸಿ. ಹಡಗಿನ ಡಾಕ್ಟರ ಬಿಲ್ಲು ಬಹಳ ದುಬಾರಿ, ಇರುವ ಕಾಯಿಲೆಗೂ ಹಡಗಿನ ಪ್ರಯಾಣಕ್ಕೂ ಅನ್ವಯಿಸುವ ವಿಮೆಯನ್ನೇ ಹುಡುಕಬೇಕು. ಆ ಏಜೆನ್ಸಿಯವರು ಮತ್ತೆ ಫೋನ್ ಮಾಡಿದರೆ, ತೆರಿಗೆ, ಟಿಪ್ಸ್ ಎಲ್ಲ ಸೇರಿ ಕೊನೆಯ ಮೊತ್ತ ಎಷ್ಟು, ವೀಸಾ ಬಾರದಿದ್ದರೆ ಎಷ್ಟು ವಾಪಸ್, ಇವೆರಡನ್ನೂ ಬರೆದು ಕೊಡಿ ಅಂತ ಕೇಳಿ. ಕೊಟ್ಟರೆ ನನಗೆ ಕಳಿಸಿ, ಇಲ್ಲಿನ ದರದ ಜೊತೆ ಇಟ್ಟು ನೋಡುತ್ತೇನೆ. ಅವರದೇ ಕಡಿಮೆಯಾದರೆ ಅವರ ಹತ್ತಿರವೇ ತೆಗೆಯೋಣ.

ಭಾನುವಾರ ಬೆಳಿಗ್ಗೆ ನಿಮ್ಮ ಏಳು ಗಂಟೆಗೆ ಫೋನ್ ಮಾಡುತ್ತೇನೆ. ಭಾವನನ್ನೂ ಕೂರಿಸಿಕೊಳ್ಳಿ.

ಇಂತಿ ನಿಮ್ಮ ಮಗಳು